ಸಾಕ್ಷ್ಯಚಿತ್ರದಲ್ಲಿ ಸಾಕ್ಷಿ ಯಾರು?

ಕಥಾಚಿತ್ರದಿಂದ ಭಿನ್ನವಾದ ಒಂದು ಚಲನಚಿತ್ರ ಪ್ರಕಾರಕ್ಕೆ ಕನ್ನಡವು ‘ಸಾಕ್ಷ್ಯಚಿತ್ರ’ ಎಂಬ ಹೆಸರನ್ನಿತ್ತಿದೆ. ಈ ಹೆಸರಿನ ಹೊಣೆಯನ್ನು ನಮ್ಮ ವಿಮರ್ಶೆ ಇನ್ನೂ ಪೂರ್ತಿಯಾಗಿ ಹೊತ್ತಂತಿಲ್ಲ. ಸಾಕ್ಷ್ಯವೆಂಬುದು ನ್ಯಾಯಸ್ಥಾನದ ಮಾತು. ಸಾಕ್ಷ್ಯವಿದ್ದಲ್ಲಿ ನುಡಿಯುವ ಸಾಕ್ಷಿಯಿರಬೇಕು. ಆ ನುಡಿಯನ್ನು ಪಾಟೀಸವಾಲಿಗೆ ಒಡ್ಡುವ ಅವಕಾಶವೂ ಇರಬೇಕು. ಪ್ರಕೃತಿ, ಪ್ರಾಣಿಜೀವನ ಹಾಗೂ ದೂರದ ಜನಸಮುದಾಯಗಳನ್ನು ಕುರಿತ ಚಿತ್ರಗಳ ಬಗೆಗೆ ಬರೆಯುವಾಗ ನಾವು ಸಾಮಾನ್ಯವಾಗಿ ಛಾಯಾಗ್ರಹಣದ ಸೊಬಗನ್ನು ಮೆಚ್ಚಿ, ವಸ್ತುವಿನ ಮಹತ್ವವನ್ನು ಹೇಳಿ ಮುಗಿಸುತ್ತೇವೆ. ತೆರೆಯ ಮೇಲೆ ಕಾಣುವ ಪ್ರಾಣಿಗಂತೂ, ಅನೇಕ ವೇಳೆ ಮನುಷ್ಯನಿಗೂ, ತನ್ನನ್ನು ಕುರಿತ ಸಾಕ್ಷ್ಯವನ್ನು ಪ್ರಶ್ನಿಸುವ ದಾರಿಯಿಲ್ಲ. ಆದ್ದರಿಂದ ಪ್ರಶ್ನಿಸುವ ಹೊಣೆ ವಿಮರ್ಶಕನದು.

ಈ ಪ್ರಕಾರದ ಮೊದಲ ಹೆಜ್ಜೆಗಳಲ್ಲೇ ಸಮಸ್ಯೆಯ ಬೀಜವಿದೆ. ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ (1922) ಕೆನಡಾದ ಹಡ್ಸನ್ ಕೊಲ್ಲಿಯ ತೀರದ ಇನ್ಯೂಟ್ ಜನರನ್ನು ಲೋಕಕ್ಕೆ ಪರಿಚಯಿಸಿತು. ನಾನೂಕ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಾತನ ನಿಜನಾಮ ಅಲ್ಲಾಕಾರಿಅಲ್ಲಾಕ್. ಆ ವೇಳೆಗೆ ಬಂದೂಕು ಬಳಸುತ್ತಿದ್ದ ಬೇಟೆಗಾರರ ಕೈಗೆ ಈಟಿಯನ್ನು ಕೊಡಲಾಯಿತು. ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಹಿಮದ ಮನೆಯ ಒಂದು ಪಾರ್ಶ್ವವನ್ನೇ ತೆರೆದಿಡಲಾಯಿತು. ಇದನ್ನು ವಂಚನೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಇನ್ಯೂಟರು ಆ ಚಿತ್ರದ ತಯಾರಿಕೆಯಲ್ಲಿ ತಿಳಿದೇ ಪಾಲುಗೊಂಡವರು. ತಮ್ಮ ಹಿರಿಯರ ಬದುಕನ್ನು ಅಭಿನಯಿಸಿ ತೋರಿಸುವುದರಲ್ಲಿ ಅವರದೂ ಕೈಯಿತ್ತು. ನಿಜವಾದ ದೋಷವಿರುವುದು ಬೇರೆಡೆ: ಗತಕಾಲದ ಆ ಅಭಿನಯವನ್ನು ಅವರ ವರ್ತಮಾನವೆಂದು ತೋರಿಸಿ, ಒಂದು ಜೀವಂತ ಸಂಸ್ಕೃತಿಯನ್ನು ಕಾಲದ ಹೊರಗೆ ನಿಲ್ಲಿಸಿದ್ದರಲ್ಲಿ.

ಪಾಲುಗೊಳ್ಳಲಾರದ ಜೀವಿಗಳ ವಿಷಯದಲ್ಲಿ ಈ ದೋಷ ಕ್ರೌರ್ಯವಾಗುತ್ತದೆ. ಡಿಸ್ನಿ ಸಂಸ್ಥೆಯ ‘ವೈಟ್ ವೈಲ್ಡರ್‌ನೆಸ್’ (1958) ಆಸ್ಕರ್ ಪ್ರಶಸ್ತಿ ಪಡೆದ ಚಿತ್ರ. ಲೆಮ್ಮಿಂಗ್ ಎಂಬ, ಇಲಿಯನ್ನು ಹೋಲುವ ಪುಟ್ಟ ಪ್ರಾಣಿಗಳು ತಂಡತಂಡವಾಗಿ ನೀರಿಗೆ ಬಿದ್ದು ಸಾಯುವ ದೃಶ್ಯ ಅದರಲ್ಲಿದೆ. ಅವನ್ನು ಬೇರೆ ಪ್ರಾಂತ್ಯದಿಂದ ಆಲ್ಬರ್ಟಾಕ್ಕೆ ತರಿಸಿ, ಬಂಡೆಯಂಚಿನಿಂದ ನೀರಿಗೆ ಕೆಡವಲಾಗಿತ್ತೆಂಬುದನ್ನು 1980ರ ದಶಕದಲ್ಲಿ ಕೆನಡಾದ ಸಿಬಿಸಿ ದೂರದರ್ಶನ ಬಯಲಿಗೆಳೆಯಿತು. ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆಂಬ ಹಳೆಯ ಕಲ್ಪನೆಗೆ ಈ ದೃಶ್ಯ ಪುಷ್ಟಿ ಕೊಟ್ಟಿತು. ಸುಳ್ಳು ಸಾಕ್ಷ್ಯ ಇಲ್ಲಿ ಪ್ರಾಣಿಗಳ ಜೀವವನ್ನೂ ತೆಗೆಯಿತು, ನೋಡುಗರ ತಿಳಿವನ್ನೂ ಕೆಡಿಸಿತು.

ಸತ್ಯವಾದ ಸಾಕ್ಷ್ಯಕ್ಕೆ ಜೀವ ಉಳಿಸುವ ಶಕ್ತಿಯೂ ಉಂಟು. ಗುಜರಾತ್ ಕರಾವಳಿಯಲ್ಲಿ ನಡೆಯುತ್ತಿದ್ದ ತಿಮಿಂಗಿಲ ಶಾರ್ಕ್‌ಗಳ ಬೇಟೆಯನ್ನು ಮೈಕ್ ಪಾಂಡೆಯವರ ‘ಶೋರ್ಸ್ ಆಫ್ ಸೈಲೆನ್ಸ್’ (2000) ತೋರಿಸಿತು. 2001ರಲ್ಲಿ ಆ ಮೀನಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ದೊರೆಯುವಲ್ಲಿ ಈ ಚಿತ್ರದ ಪಾತ್ರ ದೊಡ್ಡದು.

ಈಚಿನ ಎರಡು ಭಾರತೀಯ ಚಿತ್ರಗಳು ಸಾಕ್ಷಿಯ ಸ್ಥಾನವನ್ನೇ ಬದಲಿಸಿವೆ. ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ (2022) ದೆಹಲಿಯಲ್ಲಿ ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ನೀಡುವ ಸಹೋದರರಾದ ನದೀಮ್ ಮತ್ತು ಸೌದ್ ಅವರನ್ನು ಕುರಿತದ್ದು. ಮೇಲಿನಿಂದ ವಿವರಿಸುವ ಪಂಡಿತ ನಿರೂಪಕ ಇಲ್ಲಿಲ್ಲ. ಸಹೋದರರ ಮಾತೇ ಹಿನ್ನೆಲೆ. ಗಾಳಿಪಟದ ಮಾಂಜಾ ದಾರ, ನಗರದ ಹೊಗೆ, ಕಸದ ಗುಡ್ಡ, ಆ ದಿನಗಳ ಕೋಮು ಆತಂಕ ಇವೆಲ್ಲ ಒಂದೇ ಉಸಿರಿನ ಅಂಗಗಳಾಗಿ ಬರುತ್ತವೆ. ಪ್ರಾಣಿದಯೆಯನ್ನು ಪ್ರತ್ಯೇಕ ಸದ್ಗುಣವಾಗಿ ಮೆರೆಸದಿರುವುದೇ ಈ ಕೃತಿಯ ಸಿದ್ಧಿ ಎಂದು ನಾವು ಭಾವಿಸುತ್ತೇವೆ.

2023ರಲ್ಲಿ ಆಸ್ಕರ್ ಪಡೆದ ಕಾರ್ತಿಕಿ ಗೊನ್ಸಾಲ್ವಿಸ್ ಅವರ ‘ದಿ ಎಲಿಫೆಂಟ್ ವಿಸ್ಪರರ್ಸ್’ (2022) ಮುದುಮಲೆಯ ಆನೆ ಶಿಬಿರದಲ್ಲಿ ತಬ್ಬಲಿ ಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳ ಚಿತ್ರ. ಇಲ್ಲಿಯೂ ದಂಪತಿಗಳೇ ನುಡಿಯುತ್ತಾರೆ. ಆದರೆ ವಿದ್ಯುತ್ ಆಘಾತದಿಂದ ತಾಯಾನೆ ಸತ್ತದ್ದಕ್ಕೆ ಹಿಂದಿರುವ ಕಾಡು ಮತ್ತು ಊರಿನ ಘರ್ಷಣೆ ಕೆಲವೇ ಮಾತುಗಳಲ್ಲಿ ಮುಗಿಯುತ್ತದೆ. ರಘು ಎಂಬ ಮರಿಯಾನೆಯನ್ನು ಬೇರೆಯವರ ಆರೈಕೆಗೆ ಒಪ್ಪಿಸಿದಾಗ ಸಾಕಿದವರ ಸಂಕಟ ನಮ್ಮನ್ನು ತಟ್ಟುತ್ತದೆ. ಆ ತೀರ್ಮಾನವನ್ನು ತೂಗಿ ನೋಡುವ ಗೋಜಿಗೆ ಚಿತ್ರ ಹೋಗುವುದಿಲ್ಲ. ವಾತ್ಸಲ್ಯ ಇಲ್ಲಿ ವಿಚಾರಣೆಯ ಜಾಗವನ್ನು ಆಕ್ರಮಿಸಿದೆ.

ಇದೇ ಚಿತ್ರ ಕನ್ನಡ ಅಧ್ಯಯನಕ್ಕೂ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಇದು ತಮಿಳು ಚಿತ್ರವೆಂದೇ ಹೆಸರಾಗಿದೆ. ದಂಪತಿಗಳು ಕಾಟ್ಟುನಾಯಕ ಸಮುದಾಯದವರು. ಆ ಸಮುದಾಯದ ನುಡಿ ಕನ್ನಡಕ್ಕೆ ಸಮೀಪದ ದ್ರಾವಿಡ ನುಡಿ. ಹೀಗಿರಲು ಕಾಡಿನ ತಿಳಿವಳಿಕೆ ಯಾವ ನುಡಿಯಲ್ಲಿ ಹುಟ್ಟಿ, ಯಾವ ನುಡಿಯಲ್ಲಿ ದಾಖಲಾಗಿ, ಇಂಗ್ಲಿಷ್ ಅಡಿಬರಹಕ್ಕೆ ಬರುವ ವೇಳೆಗೆ ಏನನ್ನು ಕಳೆದುಕೊಂಡಿತೆಂಬುದನ್ನು ಪರಿಶೀಲಿಸಬೇಕು. ಎರಡೂ ಭಾಷೆಗಳ ನಡುವೆ ಬಾಳುವ ಹೊರನಾಡ ಸಂಶೋಧಕರಿಗೆ ಇದು ವಿಶೇಷವಾಗಿ ಒದಗಿಬಂದ ಕ್ಷೇತ್ರ.

ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶನದ ‘ವೈಲ್ಡ್ ಕರ್ನಾಟಕ’ ಇದೇ ಪ್ರಶ್ನೆಯ ಇನ್ನೊಂದು ಮುಖ. 2019ರಲ್ಲಿ ಡೇವಿಡ್ ಅಟೆನ್‌ಬರೋ ಅವರ ಇಂಗ್ಲಿಷ್ ನಿರೂಪಣೆಯಲ್ಲಿ ಮೊದಲು ಕಂಡ ಈ ಚಿತ್ರ 2020ರಲ್ಲಿ ರಿಷಬ್ ಶೆಟ್ಟಿಯವರ ದನಿಯಲ್ಲಿ ಕನ್ನಡಕ್ಕೆ ಬಂದಿತು. ಕನ್ನಡ ನೆಲದ ಕಾಡು ಕನ್ನಡದಲ್ಲಿ ನುಡಿಯಲು ಇಂಗ್ಲಿಷಿನ ಹಾದಿ ಬಳಸಿ ಬರಬೇಕಾಯಿತು. ಚಿತ್ರದ ದೃಶ್ಯವೈಭವ ನಿಸ್ಸಂಶಯವಾದದ್ದು. ಆದರೂ ಕರಡಿ, ನೀರುನಾಯಿ, ಕಾಳಿಂಗಸರ್ಪಗಳಿಗೆ ಕನ್ನಡದ ಹೆಸರಿದ್ದರೆ ಸಾಲದು. ಅವುಗಳೊಡನೆ ಬಾಳಿದವರ ಅರಿವೂ ನಿರೂಪಣೆಯ ಮೂಲದಲ್ಲಿ ಸೇರಬೇಕು.

ಆದುದರಿಂದ ಸಾಕ್ಷ್ಯಚಿತ್ರದ ನಿರೂಪಣೆಯನ್ನು ಸಾಹಿತ್ಯಕೃತಿಯಷ್ಟೇ ಶಿಸ್ತಿನಿಂದ ಪಠ್ಯವಾಗಿ ಓದಬೇಕೆಂಬುದು ನಮ್ಮ ನಿಲುವು. ಯಾರು ನುಡಿಯುತ್ತಾರೆ, ಯಾರ ಒಪ್ಪಿಗೆಯಿಂದ, ಯಾವ ಭಾಷೆಯಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಸೊಬಗಿನ ಮಾತನ್ನು ಎತ್ತಬಹುದು.