‘ಬಿಟ್ಟಿ’ ಎಂಬ ಮಾತು: ಒಂದು ಜನಾಭಿಪ್ರಾಯದ ವಿಮರ್ಶೆ

1

ಗ್ರಂಥವೊಂದನ್ನು ವಿಮರ್ಶಿಸುವಂತೆ ಜನಾಭಿಪ್ರಾಯವೊಂದನ್ನೂ ವಿಮರ್ಶಿಸಲು ಸಾಧ್ಯವಿದೆ. ಅದಕ್ಕೂ ಹುಟ್ಟಿದ ಕಾಲವುಂಟು, ಆಕರಗಳುಂಟು; ಬಾಯಿಂದ ಬಾಯಿಗೆ ಸಾಗುವಾಗ ಅದು ಪಾಠಾಂತರಗಳನ್ನೂ ಪಡೆಯುತ್ತದೆ. ಸರಕಾರದ ನೆರವನ್ನು ಪಡೆಯುವ ಬಡವರ ವಿಷಯದಲ್ಲಿ ನಮ್ಮ ಸುತ್ತಣ ಸಮಾಜವು ತಳೆದಿರುವ ಅಭಿಪ್ರಾಯವನ್ನು ಈ ರೀತಿಯಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನಮ್ಮ ದೃಷ್ಟಿಯನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಿಗೆ ಸೀಮಿತಗೊಳಿಸಿಕೊಂಡಿದ್ದೇವೆ. ಇವುಗಳಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಈಚಿನ ವರ್ಷಗಳಲ್ಲಿ ಬೇರ್ಪಟ್ಟ ತಾಲೂಕುಗಳು. ಕಬ್ಬು, ತಂಬಾಕು, ಹೈನು ಇವುಗಳಿಂದ ಹೆಸರಾದ ಈ ಸೀಮೆಯಲ್ಲಿ ಬಸ್ ನಿಲ್ದಾಣದ ಚಹದಂಗಡಿಯಿಂದ ಹಿಡಿದು ಅಧ್ಯಾಪಕರ ಕೊಠಡಿಯವರೆಗೆ ಒಂದೇ ಮಾತು ಕೇಳಿಬರುತ್ತದೆ: “ಪುಕ್ಕಟ ಅಕ್ಕಿ ಕೊಟ್ಟು ಮಂದೀನ ಹಾಳ ಮಾಡ್ಯಾರ್ರೀ, ಕೆಲಸಕ್ಕ ಕರದ್ರ ಯಾರೂ ಬರವಲ್ರು.” ಇದೇ ಮಾತು ಓದಿದವರ ಬಾಯಲ್ಲಿ ‘ಬಿಟ್ಟಿ ಭಾಗ್ಯಗಳಿಂದ ದುಡಿಮೆಯ ಸಂಸ್ಕೃತಿ ನಾಶವಾಗುತ್ತಿದೆ’ ಎಂಬ ರೂಪವನ್ನು ತಾಳುತ್ತದೆ. ಭಾಷೆ ಬೇರೆಯಾದರೂ ಅರ್ಥ ಒಂದೇ.

ಈ ಅಭಿಪ್ರಾಯದಲ್ಲಿ ಎರಡು ಅಂಶಗಳು ಬೆರೆತುಕೊಂಡಿವೆ. ಮೊದಲನೆಯದು ಬೊಕ್ಕಸಕ್ಕೆ ಸಂಬಂಧಿಸಿದ್ದು: ಇಷ್ಟು ಹಣ ಎಲ್ಲಿಂದ ಬರಬೇಕು, ಅದು ಯೋಗ್ಯರಿಗೆ ತಲಪುತ್ತಿದೆಯೇ ಎಂಬ ಪ್ರಶ್ನೆ. ಕರ್ನಾಟಕ ಸರಕಾರವು 2023ರಲ್ಲಿ ಆರಂಭಿಸಿದ ಗ್ಯಾರಂಟಿ ಯೋಜನೆಗಳಿಗೆ 2024–25ರ ಆಯವ್ಯಯದಲ್ಲಿ ಸುಮಾರು 52,000 ಕೋಟಿ ರೂಪಾಯಿಗಳನ್ನು ಎತ್ತಿಡಲಾಗಿತ್ತು. ಇಷ್ಟು ದೊಡ್ಡ ಮೊತ್ತವನ್ನು ಕುರಿತು ಪ್ರಶ್ನಿಸುವುದು ನಾಗರಿಕರ ಹಕ್ಕು. ಉಳ್ಳವರ ಕೈಯಲ್ಲಿ ಬಡವರ ಪಡಿತರ ಚೀಟಿ ಇರುವುದು, ಮಧ್ಯವರ್ತಿಗಳು ನಡುವೆ ಕೈಹಾಕುವುದು ಇವೆಲ್ಲ ಖಂಡನಾರ್ಹವೇ ಸರಿ. ಎರಡನೆಯ ಅಂಶವು ಮನುಷ್ಯರ ಶೀಲಕ್ಕೆ ಸಂಬಂಧಿಸಿದ್ದು: ಪಡೆಯುವವನು ಸೋಮಾರಿ ಎಂಬ ತೀರ್ಪು. ಮೊದಲನೆಯದು ವಿಚಾರ, ಎರಡನೆಯದು ವಿಚಾರದ ವೇಷವನ್ನು ತೊಟ್ಟ ಪೂರ್ವಗ್ರಹ. ಈ ಎರಡನೆಯದೇ ನಮ್ಮ ವಿಮರ್ಶೆಯ ವಸ್ತು.

2

ಮೊದಲು ಮಾತಿನ ಚರಿತ್ರೆಯನ್ನು ನೋಡೋಣ. ‘ಬಿಟ್ಟಿ’ ಎಂಬುದು ಸಂಸ್ಕೃತದ ‘ವಿಷ್ಟಿ’ ಶಬ್ದದ ತದ್ಭವ. ನಮ್ಮ ಶಾಸನಗಳಲ್ಲಿ ಅದಕ್ಕೆ ‘ದುಡಿಯದೆ ಪಡೆದದ್ದು’ ಎಂಬ ಅರ್ಥವಿಲ್ಲ. ಅದರ ಅರ್ಥ ಕೂಲಿಯಿಲ್ಲದೆ ಮಾಡಲೇಬೇಕಾದ ಕಡ್ಡಾಯ ದುಡಿಮೆ ಎಂಬುದು. ದೇವಸ್ಥಾನಕ್ಕೋ ಬ್ರಾಹ್ಮಣರಿಗೋ ಭೂಮಿಯನ್ನು ದತ್ತಿಬಿಡುವಾಗ ತೆರಿಗೆಗಳೊಡನೆ ಬಿಟ್ಟಿಯಿಂದಲೂ ವಿನಾಯತಿಯನ್ನು ಕೊಡುತ್ತಿದ್ದರು. ಆ ವಿನಾಯತಿ ದೊರೆಯದವರು ಊರಿನ ಬಡ ದುಡಿಮೆಗಾರರು. ಅಂದರೆ ಬಿಟ್ಟಿಯನ್ನು ಪಡೆಯುತ್ತಿದ್ದುದು ಪ್ರಭುತ್ವ, ಕೊಡುತ್ತಿದ್ದವನು ಬಡವ.

ಈ ಪದ್ಧತಿಯು ಮಧ್ಯಯುಗದೊಡನೆ ಮುಗಿದುಹೋಗಲಿಲ್ಲ. ಗ್ರಾಮದ ಕೆಳಹಂತದ ವತನಗಳ ಹೆಸರಿನಲ್ಲಿ ಹೊಲೆಯರೂ ಮಹಾರರೂ ಸರಕಾರಿ ಅಧಿಕಾರಿಗಳಿಗೆ ಹಗಲಿರುಳೆನ್ನದೆ ಚಾಕರಿ ಮಾಡಬೇಕಾಗಿದ್ದಿತು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಛತ್ರಪತಿ ಶಾಹೂ ಮಹಾರಾಜರು 1918ರಲ್ಲಿ ಮಹಾರ ವತನವನ್ನು ರದ್ದುಪಡಿಸಿದರು. ನೆರೆಯ ಚಿಕ್ಕೋಡಿ ಮತ್ತು ಅಥಣಿಗಳು ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿದ್ದವು. ಅಲ್ಲಿ ಅದು ಮುಂದುವರಿಯಿತು. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಡಾ. ಅಂಬೇಡ್ಕರರು ಬಂದಿದ್ದರು. ವತನದ ಕಾಯಿದೆಯನ್ನು ತಿದ್ದಲೋಸುಗ ಅವರೇ 1928ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ವಿಧೇಯಕವೊಂದನ್ನು ಮಂಡಿಸಿದರು. ಕರ್ನಾಟಕದಲ್ಲಿ ಗ್ರಾಮ ವತನಗಳ ರದ್ದತಿಯ ಕಾಯಿದೆ ಆದದ್ದು 1961ರಲ್ಲಿ.

ಹೀಗೆ, ಬಡವನು ಪ್ರಭುತ್ವಕ್ಕೆ ಸಲ್ಲಿಸುತ್ತಿದ್ದ ಉಚಿತ ದುಡಿಮೆಯ ಹೆಸರೇ ಇಂದು ಅವನಿಗೆ ಬೈಗುಳಾಗಿ ತಿರುಗಿದೆ. ಶಬ್ದಗಳ ಅರ್ಥ ಬದಲಾಗುವುದು ಸಹಜ. ಆದರೆ ಈ ಬದಲಾವಣೆಯಲ್ಲಿ ಯಾರ ಋಣವು ಮರೆತುಹೋಯಿತೆಂಬುದನ್ನು ಇತಿಹಾಸದ ಅಭ್ಯಾಸಿಗಳು ಗಮನಿಸಬೇಕು.

3

ಇನ್ನು ‘ನೆರವಿನಿಂದ ಜನರು ಸೋಮಾರಿಗಳಾಗುತ್ತಾರೆ’ ಎಂಬ ತತ್ತ್ವದ ಮೂಲ. ಇದು ಅನುಭವದಿಂದ ಹುಟ್ಟಿದ ಗ್ರಾಮೀಣ ವಿವೇಕವೆಂದು ಅನೇಕರು ನಂಬಿದ್ದಾರೆ. ನಮಗೆ ತೋರುವಂತೆ, ಇದು ಬಹುಮಟ್ಟಿಗೆ ಕ್ಷಾಮಾಡಳಿತದ ಕಡತಗಳಿಂದ ಇಳಿದುಬಂದ ತತ್ತ್ವ.

1876–78ರ ಮಹಾಕ್ಷಾಮವು ಬೆಳಗಾವಿ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತು. 1872ರ ಜನಗಣತಿಗಿಂತ 1881ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾದದ್ದೇ ಅದಕ್ಕೆ ಸಾಕ್ಷಿ. ಸರಕಾರವು ರಸ್ತೆ, ಕೆರೆಗಳ ಕಾಮಗಾರಿಗಳನ್ನು ತೆರೆದು ಕೂಲಿ ಕೊಟ್ಟಿತೆಂಬುದು ನಿಜ. ಆದರೆ ಬಂದವನು ನಿಜವಾಗಿ ಹಸಿದವನೇ ಎಂದು ತಿಳಿಯಲು ಪರೀಕ್ಷೆಗಳನ್ನು ಒಡ್ಡಿತು. ಮೈಮುರಿಯುವ ಕೆಲಸ ಒಂದು ಪರೀಕ್ಷೆ. ಮನೆಯಿಂದ ಮೈಲಿಗಟ್ಟಲೆ ದೂರ ಹೋಗಿ ಶಿಬಿರದಲ್ಲಿರಬೇಕೆಂಬುದು ಇನ್ನೊಂದು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ಲರು ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ನಗದಿನ ಮಟ್ಟಕ್ಕೆ ಇಳಿಸಿದರು. ಅಷ್ಟರಿಂದ ದುಡಿಯುವ ದೇಹ ಉಳಿಯದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದರು. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಕೂಲಿಕಾರರು ಕಾಮಗಾರಿಗಳನ್ನು ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಬರೆಯಿತು.

ಇಲ್ಲಿ ಗಮನಾರ್ಹವಾದುದೊಂದಿದೆ. ಕಡಿಮೆ ಕೂಲಿಗೆ ದುಡಿಯಲೊಲ್ಲೆವೆಂದು ಹಸಿದವರು ಎದ್ದುಹೋದುದನ್ನು ಆಡಳಿತವು ಅವರಿಗೆ ನೆರವಿನ ಅಗತ್ಯವಿರಲಿಲ್ಲವೆಂಬುದಕ್ಕೆ ಪ್ರಮಾಣವಾಗಿ ಓದಿಕೊಂಡಿತು. ಬಂದರೆ ಪರಾವಲಂಬಿ, ಬಾರದಿದ್ದರೆ ಉಳ್ಳವ. ನೆರವು ಪಡೆಯುವವನ ಸ್ಥಿತಿಯು ಅತ್ಯಂತ ಕೆಳಗಿನ ಕೂಲಿಕಾರನ ಸ್ಥಿತಿಗಿಂತಲೂ ಕೀಳಾಗಿರಬೇಕೆಂಬ ಇಂಗ್ಲೆಂಡಿನ 1834ರ ಬಡವರ ಕಾಯಿದೆಯ ತತ್ತ್ವವೇ ಇದರ ಹಿನ್ನೆಲೆಯಲ್ಲಿದ್ದಿತು. 1880ರ ಕ್ಷಾಮ ಆಯೋಗವು ಪ್ರಾಣವನ್ನು ಉಳಿಸುವುದು ಸರಕಾರದ ಕರ್ತವ್ಯವೆಂದು ಒಪ್ಪಿತಾದರೂ ಜನರ ಮಿತವ್ಯಯ ಮತ್ತು ಸ್ವಾವಲಂಬನೆಗಳು ಕೆಡಬಾರದೆಂಬ ಎಚ್ಚರಿಕೆಯನ್ನೂ ಜೊತೆಗೂಡಿಸಿತು. ಸಂಶಯವು ಹೀಗೆ ನಿಯಮವಾಯಿತು. ನಿಯಮವು ಕಾಲಾನುಕ್ರಮದಲ್ಲಿ ಲೋಕರೂಢಿಯಾಯಿತು.

4

ಈಗಿನ ಸ್ಥಿತಿಯೊಡನೆ ಈ ಅಭಿಪ್ರಾಯವನ್ನು ಹೋಲಿಸಿ ನೋಡಬೇಕು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಗಳನ್ನು ಗೊತ್ತುಪಡಿಸಿತು. 2024–25ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ ಕರ್ನಾಟಕದಲ್ಲಿ 349 ರೂಪಾಯಿ ಇದ್ದಿತು. ಎಂದಮೇಲೆ ತಿಂಗಳ ನೆರವು ಆರು ದಿನದ ಕೂಲಿಗೂ ಸಾಲದು. ಉಳಿದ ಇಪ್ಪತ್ತನಾಲ್ಕು ದಿನ ಕುಳಿತು ಉಣ್ಣುವ ಸಂಸಾರವಾದರೂ ಎಲ್ಲಿದೆ? ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರೂ ತಂಬಾಕಿನ ಉಗ್ರಾಣಗಳಲ್ಲಿ ದೂಳು ಕುಡಿಯುತ್ತ ದುಡಿಯುವವರೂ ಅಥಣಿ ಕಾಗವಾಡಗಳ ಗದ್ದೆಗಳಲ್ಲಿ ಕಬ್ಬು ಕಡಿಯುವವರೂ ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲರು.

‘ಆಳು ಸಿಗುವುದಿಲ್ಲ’ ಎಂಬ ದೂರಿನಲ್ಲಿ ಸತ್ಯಾಂಶ ಇರಬಹುದು. ಮನೆಯಲ್ಲಿ ಅಕ್ಕಿ ಇದ್ದವನು ಕರೆದ ಕೂಲಿಗೆ ಕರೆದ ಹೊತ್ತಿನಲ್ಲಿ ಬಾರದಿರಬಹುದು. ಇನ್ನೂ ಇಪ್ಪತ್ತು ರೂಪಾಯಿ ಹೆಚ್ಚು ಕೇಳಬಹುದು. ಇದು ಸೋಮಾರಿತನವಲ್ಲ, ಚೌಕಾಶಿ. ಬೆಲೆ ಬಾರದಿದ್ದರೆ ರೈತನು ಕಬ್ಬನ್ನು ಕಾರ್ಖಾನೆಗೆ ಕಳಿಸಲೊಲ್ಲೆನೆಂದರೆ ಅದನ್ನು ನಾವು ಹೋರಾಟವೆನ್ನುತ್ತೇವೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು ಗುಂಡಿಗೆ ಎದೆಯೊಡ್ಡಿದ ಪ್ರಸಂಗವನ್ನು ಈ ಸೀಮೆ ಇಂದಿಗೂ ಗೌರವದಿಂದ ಸ್ಮರಿಸುತ್ತದೆ. ತನ್ನ ಬೆಳೆಗೆ ಬೆಲೆ ಕೇಳುವವನು ವೀರನಾದರೆ ತನ್ನ ದುಡಿಮೆಗೆ ಬೆಲೆ ಕೇಳುವವನು ಮೈಗಳ್ಳನಾಗುವುದು ಹೇಗೆ?

ಸರಕಾರದಿಂದ ಪಡೆಯುವವರು ಬಡವರು ಮಾತ್ರವೇ ಅಲ್ಲ. ಘಟಪ್ರಭಾ ಯೋಜನೆಯ ಕಾಲುವೆಗಳು ಸಾರ್ವಜನಿಕ ಹಣದಿಂದ ಆದುವು. ರಾಯಬಾಗ, ಚಿಕ್ಕೋಡಿಗಳ ಎಷ್ಟೋ ಹೊಲಗಳ ಬೆಲೆ ಅವುಗಳಿಂದ ಏರಿತು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯ ಸರಕಾರ ಉಚಿತ ವಿದ್ಯುತ್ತನ್ನು ಒದಗಿಸುತ್ತ ಬಂದಿದೆ. 2018ರಲ್ಲಿ ಬೆಳೆಸಾಲ ಮನ್ನಾ ಘೋಷಣೆಯಾಯಿತು. ಅನುದಾನಿತ ಕಾಲೇಜುಗಳ ನಮ್ಮ ಸಂಬಳವೂ ಅದೇ ಬೊಕ್ಕಸದ್ದು. ಇವು ಯಾವುವೂ ಅನ್ಯಾಯವೆಂದು ನಾವು ಹೇಳುವುದಿಲ್ಲ. ನಾವು ತೋರಿಸಬಯಸುವುದು ಹೆಸರುಗಳ ಶ್ರೇಣಿಯನ್ನು: ಕಾಲೇಜಿಗೆ ಬಂದರೆ ‘ಅನುದಾನ’, ಹೊಲಕ್ಕೆ ಬಂದರೆ ‘ಸಹಾಯಧನ’, ಕಾರ್ಖಾನೆಗೆ ಬಂದರೆ ‘ಪ್ರೋತ್ಸಾಹ’, ಕೂಲಿಕಾರಳ ಒಲೆಗೆ ಬಂದರೆ ‘ಬಿಟ್ಟಿ’.

2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಹರಿದಾಗ ಈ ಐದೂ ತಾಲೂಕುಗಳ ನದೀತೀರದ ಗ್ರಾಮಗಳು ನೀರಿನಲ್ಲಿ ಮುಳುಗಿದುವು. ತುರ್ತು ನೆರವೆಂದು ಕುಟುಂಬಕ್ಕೆ 10,000 ರೂಪಾಯಿಗಳನ್ನೂ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿಗಳನ್ನೂ ಸರಕಾರ ಘೋಷಿಸಿತು. ದೊಡ್ಡ ಹಿಡುವಳಿದಾರರೂ ಭೂಹೀನರೂ ಒಂದೇ ಪರಿಹಾರ ಕೇಂದ್ರದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಆಗ ಯಾರೂ ಯಾರನ್ನೂ ಸೋಮಾರಿಗಳೆನ್ನಲಿಲ್ಲ. ಏಕೆಂದರೆ ನಷ್ಟವು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಒಂದು ರಾತ್ರಿಯಲ್ಲಿ ನೀರು ಒಯ್ದುದಕ್ಕೆ ಕೊಟ್ಟರೆ ‘ಪರಿಹಾರ’ವೆನ್ನುತ್ತೇವೆ, ಮೂರು ತಲೆಮಾರುಗಳಲ್ಲಿ ಭೂಹೀನತೆಯೂ ಅಸ್ಪೃಶ್ಯತೆಯೂ ಒಯ್ದುದಕ್ಕೆ ಕೊಟ್ಟರೆ ‘ಪುಕ್ಕಟೆ’ಯೆನ್ನುತ್ತೇವೆ.

ಈ ತಪ್ಪು ತಿಳಿವಳಿಕೆಗೆ ಸರಕಾರಗಳೂ ಹೊಣೆಯಾಗಿವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಧಾನ್ಯವನ್ನು ಕಾನೂನಿನ ಹಕ್ಕಾಗಿ ಮಾಡಿತು; ಅದೇ ವರ್ಷ ನಮ್ಮ ರಾಜ್ಯದ ಯೋಜನೆಗೆ ‘ಅನ್ನಭಾಗ್ಯ’ವೆಂದು ಹೆಸರಾಯಿತು. ಭಾಗ್ಯವೆಂಬುದು ಅದೃಷ್ಟದಿಂದ ಬರುವಂಥದು, ಒಡೆಯನ ಕೃಪೆಯಿಂದ ದೊರೆಯುವಂಥದು. ಹಕ್ಕನ್ನು ಕೃಪೆಯೆಂದು ಕರೆದಾಗ ಪಡೆಯುವವನು ತಾನಾಗಿಯೇ ಋಣಿಯಾಗುತ್ತಾನೆ. ನೋಡುವವನು ತಾನಾಗಿಯೇ ನ್ಯಾಯಾಧೀಶನಾಗುತ್ತಾನೆ.

5

2024ರಲ್ಲಿ ರಾಯಬಾಗ ತಾಲೂಕಿನ ಹಳ್ಳಿಯೊಂದರ ವೃದ್ಧೆಯೊಬ್ಬರು ತಮಗೆ ಬಂದ ಗೃಹಲಕ್ಷ್ಮಿ ಹಣವನ್ನು ಕೂಡಿಟ್ಟು ಊರವರಿಗೆ ಹೋಳಿಗೆಯ ಊಟ ಹಾಕಿಸಿದ ಸಂಗತಿ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಯೋಜನೆಯ ಪರವಾದವರು ಇದನ್ನು ಯಶಸ್ಸಿನ ಕಥೆಯೆಂದು ಹಾಡಿದರು. ‘ಹೋಳಿಗೆ ಹಾಕಿಸುವಷ್ಟು ಉಳಿದರೆ ಹಣದ ಅಗತ್ಯವೇನಿತ್ತು?’ ಎಂದೂ ಕೇಳಬಹುದು. ಈ ಪ್ರಶ್ನೆಯಲ್ಲಿ 1877ರ ತರ್ಕವೇ ಮರುದನಿಗೊಳ್ಳುತ್ತದೆ: ಉಂಡರೆ ಸೋಮಾರಿ, ಉಣಿಸಿದರೆ ಉಳ್ಳವಳು.

ನಮಗೆ ಈ ಘಟನೆಯ ಮಹತ್ತ್ವ ಬೇರೆ ಎಡೆಯಲ್ಲಿ ಕಾಣುತ್ತದೆ. ದಾಸೋಹವನ್ನು ಬಲ್ಲ ಈ ನಾಡಿನಲ್ಲಿ ಉಣ್ಣುವುದೂ ಉಣಿಸುವುದೂ ಬೇರೆ ಬೇರೆ ಜಾತಿಯ ಮನುಷ್ಯರ ಕೆಲಸಗಳಲ್ಲ. ಇಂದು ಪಡೆದವಳು ನಾಳೆ ಕೊಡಬಲ್ಲಳು. ಆದರೆ ಆ ತಾಯಿಯ ಔದಾರ್ಯವನ್ನು ಮೆಚ್ಚುತ್ತಲೇ ನಾವು ಒಂದು ಎಚ್ಚರಿಕೆಯನ್ನೂ ವಹಿಸಬೇಕು. ಹೋಳಿಗೆ ಹಾಕಿಸದೆ ಅದೇ ಹಣದಿಂದ ಔಷಧ ಕೊಂಡವಳೂ ಸಾಲ ತೀರಿಸಿದವಳೂ ಮೊಮ್ಮಗನಿಗೆ ಚಪ್ಪಲಿ ತಂದವಳೂ ಅಷ್ಟೇ ಅರ್ಹಳು. ಬಡವರು ತಮ್ಮ ಅರ್ಹತೆಯನ್ನು ಸದ್ಗುಣದಿಂದ ಸಿದ್ಧಪಡಿಸಬೇಕೆಂದು ಕೇಳುವುದೂ ಹಳೆಯ ಪರೀಕ್ಷೆಯ ಇನ್ನೊಂದು ರೂಪವೇ.

ಕೊನೆಯದಾಗಿ, ಈ ವಿಷಯವು ನಮ್ಮ ತರಗತಿಗಳಿಗೆ ಸಂಬಂಧಿಸಿದುದೇ ಆಗಿದೆಯೆಂಬುದನ್ನು ಅರಿಕೆ ಮಾಡಿಕೊಳ್ಳುತ್ತೇವೆ. ನಾವು ಹಿಂದೆ ಪಾಠ ಹೇಳುತ್ತಿದ್ದ ಕಾಲೇಜೊಂದರಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಹರಾದವರ ಹೆಸರುಗಳನ್ನು ತರಗತಿಯಲ್ಲಿ ಓದಿ ಹೇಳುವ ರೂಢಿ ಇದ್ದಿತು. ಓದಿದವರು ನಾವೇ. ಹಿಂದಿನ ಬೆಂಚಿನಿಂದ ಯಾರೋ “ಬಿಟ್ಟಿ ಪಾರ್ಟಿ” ಎಂದರು, ತರಗತಿ ನಕ್ಕಿತು, ನಾವು ಮುಂದಿನ ಹೆಸರನ್ನು ಓದಿದೆವು. ಸಂಜೆ ಒಬ್ಬ ವಿದ್ಯಾರ್ಥಿನಿ ಬಾಗಿಲ ಬಳಿ ಕಾದು ನಿಂತಿದ್ದಳು. ಆಕೆಯ ತಾಯಿ ಬೀಡಿ ಕಟ್ಟುವವರು. “ಸರ್, ಮುಂದಿನ ಸಲ ನನ್ನ ಹೆಸರು ಒದರಬ್ಯಾಡ್ರಿ. ಸ್ಕಾಲರ್‌ಶಿಪ್ ಬರದಿದ್ರೂ ನಡೀತದ” ಎಂದಳು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯು 1976ರ ಕಾಯಿದೆಗಳಿಂದ ಹುಟ್ಟಿದ್ದು. ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ 2017ರವರೆಗೂ ಅದಕ್ಕೆ ಹಣ ಬರುತ್ತಿದ್ದುದು ಅವರೇ ಕಟ್ಟಿದ ಬೀಡಿಗಳ ಮೇಲಿನ ಸೆಸ್ಸಿನಿಂದ ಎಂಬ ಸಂಗತಿಯನ್ನು ಇತಿಹಾಸದ ಅಧ್ಯಾಪಕರಾದ ನಾವು ಅಂದು ತರಗತಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ.

ಯೋಜನೆಗಳ ಗುಣದೋಷಗಳನ್ನು ಕುರಿತು ಭಿನ್ನಾಭಿಪ್ರಾಯಗಳು ಇರಲಿ, ಅವು ಇರತಕ್ಕವೇ. ಲೆಕ್ಕ ಕೇಳೋಣ, ಸೋರಿಕೆಯನ್ನು ತೋರಿಸೋಣ, ಇದಕ್ಕಿಂತ ಉತ್ತಮವಾದ ಮಾರ್ಗವಿದ್ದರೆ ಸೂಚಿಸೋಣ. ಆದರೆ ಪಡೆಯುವವರ ಶೀಲವನ್ನು ಕುರಿತ ತೀರ್ಪನ್ನು ಪ್ರಮಾಣಗಳಿಲ್ಲದೆ ಉಚ್ಚರಿಸುವುದನ್ನಾದರೂ ಅಧ್ಯಾಪಕರಾದ ನಾವು ಬಿಡಬೇಕು. ನಮ್ಮ ವಿದ್ಯಾರ್ಥಿಗಳು ತಂತಮ್ಮ ಊರುಗಳ ಹಿರಿಯರಿಂದ ಬಿಟ್ಟಿಚಾಕರಿಯ, ಬರಗಾಲದ ಕಾಮಗಾರಿಯ, ಪಡಿತರದ ನೆನಪುಗಳನ್ನು ಕೇಳಿ ಬರೆದಿಡಲಿ. ಆ ದಾಖಲೆಗಳು ಕೈಗೆ ಬಂದಾಗ, ಈ ಸೀಮೆಯಲ್ಲಿ ಯಾರು ಯಾರಿಂದ ಬಿಟ್ಟಿಯಾಗಿ ಪಡೆದರೆಂಬುದನ್ನು ಇಂದಿಗಿಂತ ಹೆಚ್ಚು ಆಧಾರದಿಂದ ಹೇಳಲು ಸಾಧ್ಯವಾದೀತು.