ಕಥಾನಾಯಕನೂ ಅಂತರಂಗದ ನಾಯಕನೂ

ನಾಯಕನೆಂಬ ಶಬ್ದಕ್ಕೆ ಮೂಲತಃ ಕರೆದೊಯ್ಯುವವನೆಂದು ಅರ್ಥ. ನಮ್ಮ ಲಾಕ್ಷಣಿಕರು ಅವನನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತನೆಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಒಬ್ಬೊಬ್ಬನಲ್ಲಿ ಇರಬೇಕಾದ ಗುಣಗಳನ್ನು ಎಣಿಸಿಕೊಟ್ಟಿದ್ದಾರೆ. ಕಾವ್ಯವೊಂದರ ನಾಯಕನಾರೆಂದು ನಿರ್ಣಯಿಸಲು ಆ ಎಣಿಕೆ ಸಾಕು. ಆದರೆ ಓದುಗನೊಬ್ಬನು ಗ್ರಂಥವನ್ನು ಮುಚ್ಚಿಟ್ಟ ಮೇಲೆಯೂ ‘ಇವನು ನನ್ನವನು’ ಎಂದು ಎದೆಯಲ್ಲಿಟ್ಟುಕೊಂಡು ಹೋಗುವನಲ್ಲ, ಆ ವ್ಯಕ್ತಿ ಯಾರು, ಅವನೇ ಏಕೆ, ಎಂಬ ಪ್ರಶ್ನೆಗೆ ಲಕ್ಷಣಗ್ರಂಥಗಳಲ್ಲಿ ಉತ್ತರ ದೊರೆಯುವುದಿಲ್ಲ. ಕಥೆಯ ನಾಯಕನನ್ನು ಕವಿ ನೇಮಿಸುತ್ತಾನೆ. ಅಂತರಂಗದ ನಾಯಕನನ್ನು ಓದುಗನೇ ಆರಿಸಿಕೊಳ್ಳಬೇಕು. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಪಾಶ್ಚಾತ್ಯರಲ್ಲಿ ಥಾಮಸ್ ಕಾರ್ಲೈಲನು 1840ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ವೀರರನ್ನೂ ವೀರಾರಾಧನೆಯನ್ನೂ ಕುರಿತು ಆರು ಉಪನ್ಯಾಸಗಳನ್ನು ಮಾಡಿದನು; ಅವು ಮರುವರ್ಷ ಪುಸ್ತಕವಾಗಿ ಹೊರಬಂದವು. ದೇವತೆ, ಪ್ರವಾದಿ, ಕವಿ, ಧರ್ಮಗುರು, ಸಾಹಿತಿ, ಅರಸ—ಹೀಗೆ ಆರು ರೂಪಗಳಲ್ಲಿ ಅವನು ವೀರನನ್ನು ಕಂಡನು. ಪ್ರಾಮಾಣಿಕತೆಯೇ ವೀರನ ಒರೆಗಲ್ಲೆಂದು ಅವನು ಸಾರಿದ್ದು ಬೆಲೆಯುಳ್ಳ ಮಾತು. ಆದರೆ ಅವನ ಕಣ್ಣೆಲ್ಲ ಚರಿತ್ರೆಯನ್ನು ತಿರುಗಿಸಿದ ಮಹಾಪುರುಷರ ಮೇಲೆ. ಲೋಕವು ಬಾಗಿದೆಯೆಂಬ ಕಾರಣಕ್ಕೆ ನಾನೂ ಬಾಗಿದರೆ ಅದು ಗೌರವವಾದೀತೇ ಹೊರತು ಆಯ್ಕೆಯಾಗದು. ಈ ವಿಚಾರದಲ್ಲಿ ನಮಗೆ ಲಂಡನ್ನಿಗಿಂತ ವೇಮುಲವಾಡವೇ ಹತ್ತಿರ. ಅಲ್ಲಿನ ಚಾಳುಕ್ಯ ಅರಸು ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನು ಕ್ರಿ.ಶ. 941ರ ಸುಮಾರಿಗೆ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಈ ಎರಡು ಬಗೆಯ ನಾಯಕರೂ ಎದುರುಬದುರಾಗಿ ನಿಂತಿದ್ದಾರೆ.

ಈ ಕಾವ್ಯದ ನಾಯಕನು ಅರ್ಜುನನೆಂಬುದು ಹೆಸರಿನಿಂದಲೇ ವಿದಿತ. ಅವನೊಡನೆ ಅರಿಕೇಸರಿಯನ್ನು ಅಭೇದವಾಗಿ ಸಮೀಕರಿಸಿ ಕವಿಯು ಒಂದೇ ಕಾವ್ಯದಲ್ಲಿ ಇಬ್ಬರನ್ನೂ ಕೊಂಡಾಡಿದನು. ಆ ಸಮೀಕರಣಕ್ಕಾಗಿ ವ್ಯಾಸಭಾರತದ ಕಥೆಯನ್ನೇ ಬದಲಾಯಿಸಿದನು. ದ್ರೌಪದಿಯು ಐವರ ಪತ್ನಿಯಾಗದೆ ಅರ್ಜುನನೊಬ್ಬನ ಪತ್ನಿಯಾದಳು. ಯುದ್ಧಾನಂತರ ಪಟ್ಟಾಭಿಷೇಕವಾದದ್ದು ಧರ್ಮರಾಜನಿಗಲ್ಲ, ಸುಭದ್ರೆಯೊಡಗೂಡಿದ ಅರ್ಜುನನಿಗೆ. ಅರಸನು ಸಂತುಷ್ಟನಾಗಿ ಧರ್ಮಪುರವೆಂಬ ಅಗ್ರಹಾರವನ್ನು ಕವಿಗೆ ದತ್ತಿಯಾಗಿ ಕೊಟ್ಟನು. ಪಂಪನನ್ನು ಇದಕ್ಕಾಗಿ ದೂಷಿಸುವುದು ತರವಲ್ಲ. ಅವನು ತಾನೇ ಖಡ್ಗವನ್ನು ಹಿಡಿದ ಕಲಿ, ಒಡೆಯನ ಋಣವನ್ನು ಬಲ್ಲವನು. ಆದರೆ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಬೇರೆ. ಇಷ್ಟೆಲ್ಲ ಶೃಂಗರಿಸಿದ ಮೇಲೆ ಈ ಅರ್ಜುನನು ನಮ್ಮ ಹೃದಯವನ್ನು ಹೊಕ್ಕನೇ? ಅವನ ಸಾಹಸಕ್ಕೆ ತಲೆದೂಗುತ್ತೇವೆ, ಅವನ ವಿಜಯಕ್ಕೆ ಹರ್ಷಿಸುತ್ತೇವೆ. ಅಲ್ಲಿಗೆ ಮುಗಿಯಿತು. ಅವನಿಗೆ ತೊಡಕಾಗಬಹುದಾದುದನ್ನೆಲ್ಲ ಕವಿಯೇ ಮುಂದಾಗಿ ದಾರಿಯಿಂದ ಸರಿಸಿಬಿಟ್ಟಿರುವನು. ಕಲೆಗಳನ್ನೆಲ್ಲ ತೊಳೆದ ಬಿಂಬದಲ್ಲಿ ನಮ್ಮ ಮುಖ ಕಾಣದು.

ಕರ್ಣನ ವಿಷಯದಲ್ಲಿ ಪಂಪನು ಹೀಗೆ ಏನನ್ನೂ ತೊಳೆಯಲಿಲ್ಲ. ಭೀಷ್ಮನಿಗೆ ಸೇನಾಧಿಪತ್ಯವನ್ನು ಕಟ್ಟುವ ಸಂದರ್ಭವನ್ನು ನೋಡಿರಿ. ತುಂಬಿದ ಸಭೆಯಲ್ಲಿ ಕರ್ಣನು ಆ ವೃದ್ಧನ ಮುಪ್ಪನ್ನು ಹಳಿಯುತ್ತಾನೆ. ಪಟ್ಟವನ್ನು ತನಗೇ ಕಟ್ಟೆನ್ನುತ್ತಾನೆ. ದ್ರೋಣನು ಕಟುವಾಗಿ ಅವನ ಕುಲವನ್ನೆತ್ತಿ ಜರೆಯುತ್ತಾನೆ. ಭೀಷ್ಮನಾದರೋ ಸಿಡುಕದೆ, ಈ ಯುದ್ಧದಲ್ಲಿ ನಿನ್ನ ಸರದಿಯೂ ಬಂದೇ ಬರುತ್ತದೆಂದು ತಣ್ಣಗೆ ನುಡಿಯುತ್ತಾನೆ. ಓದುಗನ ಮನಸ್ಸು ಆ ಗಳಿಗೆಯಲ್ಲಿ ಕರ್ಣನ ಕಡೆಗಿರುವುದಿಲ್ಲ, ಇರಬಾರದು ಕೂಡ. ಮುಂದೆ ಅದೇ ಕರ್ಣನು ಶರಶಯ್ಯೆಯಲ್ಲಿ ಮಲಗಿದ ಅಜ್ಜನ ಬಳಿಗೆ ಬಂದು, ಪಾದಗಳಿಗೆರಗಿ, ತಾನಾಡಿದ ಬಿರುನುಡಿಯನ್ನು ಮನ್ನಿಸಬೇಕೆಂದು ಬೇಡುತ್ತಾನೆ. ಮೊದಲನೆಯದನ್ನು ಕವಿಯು ಮರೆಮಾಡಿದ್ದರೆ ಎರಡನೆಯದಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಆದರೂ ಕರ್ಣನನ್ನು ಕರ್ಣನನ್ನಾಗಿಸಿದ್ದು ಈ ಪ್ರಸಂಗವಲ್ಲ. ಕೃಷ್ಣನು ಅವನ ಜನ್ಮವೃತ್ತಾಂತವನ್ನು ತಿಳಿಸುವ ಗಳಿಗೆ ಅದು. ನೀನು ಸೂತಪುತ್ರನಲ್ಲ, ಕೌಂತೇಯರಲ್ಲಿ ಹಿರಿಯವನು, ರಾಜ್ಯ ನಿನ್ನದು ಎಂಬ ಮಾತು. ಬದುಕೆಲ್ಲ ಯಾವುದಕ್ಕಾಗಿ ಅವನು ಹಾತೊರೆದನೋ ಆ ಕುಲಗೌರವವು ಒಂದೇ ಸಲಕ್ಕೆ ಅಂಗೈಯಲ್ಲಿ. ಪಂಪನ ಕರ್ಣನು ಇಲ್ಲಿ ಭಾಷಣ ಮಾಡುವುದಿಲ್ಲ. ಒಡಹುಟ್ಟಿದವರನ್ನು ಕೊಲ್ಲುವುದೆಂತು, ಸಾಕಿ ಸಲಹಿದ ದುರ್ಯೋಧನನಿಗೆ ಎರಡೆಣಿಸುವುದೆಂತು ಎಂದು ತನ್ನೊಳಗೇ ಬೇಯುತ್ತಾನೆ. ಕಡೆಗೆ ಅವನಿಗೆ ತೋರಿದ ದಾರಿ ಒಂದೇ: ಒಡೆಯನಿಗಿಂತ ಮೊದಲು ರಣದಲ್ಲಿ ತಾನು ಅಳಿಯುವುದು. ಅನಂತರ ಕುಂತಿ ಬರುತ್ತಾಳೆ. ಅವಳನ್ನು ತಾಯಿಯೆಂದು ಒಪ್ಪುತ್ತಾನೆ. ಅವಳ ಉಳಿದ ಮಕ್ಕಳು ಕೈಗೆ ಸಿಕ್ಕರೂ ಕೊಲ್ಲೆನೆಂದು ಭಾಷೆ ಕೊಡುತ್ತಾನೆ. ಆದರೆ ಪಕ್ಷವನ್ನು ಬಿಡುವುದಿಲ್ಲ. ಸೋಲುವುದು ಖಚಿತವೆಂದು ತಿಳಿದೂ ಉಳಿಯುತ್ತಾನೆ. ಇಷ್ಟು ದುಬಾರಿಯಾದ ಆಯ್ಕೆಯನ್ನು ಈ ಕಾವ್ಯದಲ್ಲಿ ಮತ್ತಾರೂ ಮಾಡಿಲ್ಲ.

ಇದನ್ನು ಕೇವಲ ಸ್ವಾಮಿಭಕ್ತಿಯೆಂದು, ಆ ಕಾಲದ ಜೋಳವಾಳಿಯ ಧರ್ಮವೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ಉಂಡ ಜೋಳದ ಋಣಕ್ಕೆ ಪ್ರಾಣವನ್ನು ಕೊಡುವುದು ಹತ್ತನೆಯ ಶತಮಾನದ ಕನ್ನಡನಾಡಿನಲ್ಲಿ ಅಪರೂಪವಾಗಿರಲಿಲ್ಲ; ಊರೂರಿನ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಪಂಪಭಾರತಕ್ಕಿಂತ ಕೆಲವೇ ವರ್ಷಗಳ ಈಚಿನ, ಕ್ರಿ.ಶ. 949ರ ಸುಮಾರಿನ ಆತಕೂರಿನ ಕಲ್ಲಂತೂ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಗಂಗ ಬೂತುಗನ ವೀರನಾದ ಮಣಲೇರನ ಆ ನಾಯಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟ ಜನ ನಮ್ಮವರು! ನಿಷ್ಠೆಗೆ ಇದಕ್ಕಿಂತ ದೊಡ್ಡ ಗೌರವ ಬೇಕೇ? ಆದರೆ ಕಾಳಿಗೆ ಎದುರಿನ ಹಂದಿ ತನ್ನ ತಮ್ಮನೆಂದು ಯಾರೂ ಬಂದು ಹೇಳಿರಲಿಲ್ಲ. ನಿಷ್ಠೆಯು ಎರಡು ಸತ್ಯಗಳ ನಡುವೆ ಸಿಕ್ಕಿ ಸೀಳಿಹೋದಾಗಲೂ ಎರಡಕ್ಕೂ ಸುಳ್ಳಾಡದೆ ನಿಂತವನು ಕರ್ಣ. ಕಾವ್ಯದ ಕೊನೆಯಲ್ಲಿ ಪಂಪನು ಭಾರತವೀರರಿಗೆ ಒಂದೊಂದು ಗುಣವನ್ನು ಹಂಚುವಾಗ ದುರ್ಯೋಧನನಿಗೆ ಛಲವನ್ನೂ ತನ್ನ ನಾಯಕನಾದ ಅರ್ಜುನನಿಗೆ ಸಾಹಸವನ್ನೂ ಕೊಟ್ಟು, ನನ್ನಿಯನ್ನು, ಎಂದರೆ ಸತ್ಯವನ್ನು, ಕರ್ಣನಿಗೆ ಕೊಟ್ಟನು. ಅದಕ್ಕೂ ಮುಂಚೆ, ಕರ್ಣನ ಅವಸಾನದ ಸಂದರ್ಭದಲ್ಲಿ, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯೆಂದು ಓದುಗನಿಗೆ ನೇರವಾಗಿ ಹೇಳಿದನು. ಆಸ್ಥಾನಕವಿಯ ಲೇಖನಿಯಿಂದ ಇಂಥ ಮಾತು ಹೊರಟದ್ದು ಅಚ್ಚರಿಯೇ ಸರಿ. ಅರಿಕೇಸರಿಯು ಇದನ್ನು ಕೇಳಿ ಏನೆಂದುಕೊಂಡನೋ!

ಇಲ್ಲಿ ಎರಡು ತಪ್ಪು ದಾರಿಗಳಿವೆ. ಕರ್ಣನು ಹುಟ್ಟಿನಿಂದ ಅನ್ಯಾಯಕ್ಕೊಳಗಾದವನು, ಆದುದರಿಂದ ಅವನು ನಮಗೆ ಪ್ರಿಯನೆಂಬುದು ಒಂದು. ಮರುಕವು ಕಣ್ಣೀರನ್ನು ತರಿಸೀತು, ನಾಯಕನನ್ನು ಸೃಷ್ಟಿಸಲಾರದು. ಅನ್ಯಾಯಕ್ಕೊಳಗಾದವರು ಲೋಕದಲ್ಲಿ ಅಸಂಖ್ಯರು. ಮತ್ತೊಂದು, ಕರ್ಣನ ನಿಷ್ಠೆ ದೊಡ್ಡದಾದುದರಿಂದ ಅವನ ಪಕ್ಷವೂ ಸರಿಯೆಂಬ ವಾದ. ಇದು ಅಪಾಯಕಾರಿ. ದುರ್ಯೋಧನನ ಅಕೃತ್ಯಗಳನ್ನು ಪಂಪನು ಮುಚ್ಚಲಿಲ್ಲ. ಕರ್ಣನ ಬಿಲ್ಲು ಆ ಅಕೃತ್ಯಗಳಿಗೆ ಆಸರೆಯಾಗಿತ್ತೆಂಬುದನ್ನೂ ನಾವು ಮರೆಯಲಾಗದು. ಒಬ್ಬನನ್ನು ನನ್ನ ನಾಯಕನೆಂದು ಆರಿಸಿಕೊಂಡ ಮಾತ್ರಕ್ಕೆ ಅವನು ಮಾಡಿದ್ದಕ್ಕೆಲ್ಲ ನಾನು ವಕೀಲನಾಗಬೇಕಾಗಿಲ್ಲ. ಹಾಗೆ ವಕೀಲರಾಗುವ ಅಭ್ಯಾಸದಿಂದಲೇ ನಮ್ಮ ಅಭಿನಂದನ ಗ್ರಂಥಗಳೂ ಸ್ಮರಣ ಸಂಚಿಕೆಗಳೂ ಇಷ್ಟು ನೀರಸವಾಗಿರುವುದು. ಐದುನೂರು ಪುಟಗಳನ್ನು ಓದಿದರೂ ಆ ಮಹನೀಯರು ಒಮ್ಮೆಯಾದರೂ ತಬ್ಬಿಬ್ಬಾದರೇ, ಯಾವುದನ್ನು ಬಿಟ್ಟು ಯಾವುದನ್ನು ಹಿಡಿದರು ಎಂಬುದು ತಿಳಿಯುವುದಿಲ್ಲ. ಸನ್ಮಾನಗಳ ಪಟ್ಟಿ ಮಾತ್ರ ದೊರೆಯುತ್ತದೆ. ಮಠದ ಪ್ರಸಾದನಿಲಯದ ಬಾಲಕನೊಬ್ಬನು ಅಂಥ ಗ್ರಂಥವನ್ನು ಓದಿ ಆ ಹಿರಿಯರನ್ನು ತನ್ನವರೆಂದು ಹಚ್ಚಿಕೊಳ್ಳಲಿಲ್ಲವೆಂದರೆ ದೋಷವು ಬಾಲಕನದಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಕರ್ಣನ ರಥದ ಗಾಲಿಯನ್ನು ನೆಲ ನುಂಗಿದಾಗ ಅರ್ಜುನನು ಒಮ್ಮೆಲೇ ಬಾಣವನ್ನು ಬಿಡುವುದಿಲ್ಲ. ಎದುರಿಗಿರುವವನು ತನ್ನ ಅಣ್ಣನೆಂಬುದು ಅವನಿಗೆ ತಿಳಿಯದು. ಆದರೂ ಇವನ ಮೇಲೆ ತನಗೇಕೋ ಪ್ರೀತಿ ಉಕ್ಕುತ್ತಿದೆ, ಹೇಗೆ ಕೊಲ್ಲಲಿ ಎಂದು ಕೃಷ್ಣನನ್ನು ಕೇಳುತ್ತಾನೆ. ರಕ್ತಸಂಬಂಧದ ಸೆಳೆತವದು ಎನ್ನುವರು ವ್ಯಾಖ್ಯಾನಕಾರರು. ಅದೂ ಇದ್ದೀತು. ಆದರೆ ಅಷ್ಟು ದಿನಗಳ ವೈರದ ನಡುವೆಯೂ ಕರ್ಣನು ಎಂಥವನೆಂಬುದನ್ನು ರಣದಲ್ಲಿ ಹತ್ತಿರದಿಂದ ಕಂಡವನು ಅರ್ಜುನನೇ ಅಲ್ಲವೇ? ಕಾವ್ಯದ ನಾಯಕನ ಕೈ ಅಲ್ಲಿ ಒಂದು ಗಳಿಗೆ ತಡೆಯಿತು. ಬಿಲ್ಲನ್ನು ಎತ್ತಿಸಲು ಕೃಷ್ಣನ ಮಾತು ಬೇಕಾಯಿತು.