ಬಿಲ್ಡಪ್ ಇಳಿಸಿ, ಹೆಡ್‌ಫೋನ್ ಏರಿಸಿ

ಹನುಮಾನ್‌ಕೈಂಡ್ ಅಂದರೆ ಯಾರೆಂದು ಅರೆಕೆರೆಯ ಪೀಜಿ ಹುಡುಗರಿಗೆ ಹೇಳಿಕೊಡಬೇಕಿಲ್ಲ. ಅದೇ ಕಟ್ಟಡದ ಮಾಲೀಕರನ್ನು ಕೇಳಿದರೆ ಯಾವುದೋ ದೇವಸ್ಥಾನದ ಟ್ರಸ್ಟ್ ಇರಬೇಕು ಅಂದಾರು. ಈ ಕೈಪಿಡಿ ಆ ಮಾಲೀಕರಿಗಾಗಿ, ಮೇಲಿನ ಮಹಡಿಯಿಂದ ಧಡಧಡ ಎಂದು ಇಳಿದು ಬರುವ ಸದ್ದಿನಲ್ಲಿ ಏನಾದರೂ ಇದೆಯೇ ಎಂದು ಒಮ್ಮೆಯಾದರೂ ಅನಿಸಿದವರಿಗಾಗಿ.

ಆಸಾಮಿಯ ಹೆಸರು ಸೂರಜ್ ಚೆರುಕಾಟ್. ಹುಟ್ಟಿದ್ದು ಕೇರಳ, ಬೆಳೆದದ್ದು ಹೆಚ್ಚಾಗಿ ಅಮೆರಿಕದ ಹ್ಯೂಸ್ಟನ್, ರ‍್ಯಾಪರ್ ಆಗಿ ಮೀಸೆ ಮೂಡಿದ್ದು ನಮ್ಮ ಬೆಂಗಳೂರಿನಲ್ಲಿ. 2024ರ ಜುಲೈನಲ್ಲಿ ಬಂದ ‘ಬಿಗ್ ಡಾಗ್ಸ್’ ಎಂಬ ಇಂಗ್ಲಿಷ್ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಏರಿತು. ಅದರ ಮರುವರ್ಷ ಮಾರ್ಚ್‌ನಲ್ಲಿ ಬಂದ ‘ರನ್ ಇಟ್ ಅಪ್’ ಹಾಡನ್ನು ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೊಗಳಿದರು. ಏಪ್ರಿಲ್‌ನಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆ. ಇಷ್ಟು ಬಿಲ್ಡಪ್ ಆದ ಮೇಲೆ 2025ರ ಜುಲೈ 25ರಂದು 12 ಹಾಡುಗಳ ‘ಮಾನ್ಸೂನ್ ಸೀಸನ್’ ಮಿಕ್ಸ್‌ಟೇಪ್ ಬಂತು. ನಿರೀಕ್ಷೆಗೆ ತಕ್ಕಂತಿದೆಯೇ? ಹೇಳುತ್ತೇನೆ. ಆದರೆ ನನ್ನ ತೀರ್ಪನ್ನು ನಂಬುವ ಮೊದಲು ಕಿವಿಯನ್ನು ಸ್ವಲ್ಪ ಹದ ಮಾಡಿಕೊಳ್ಳಿ.

ಮೊದಲ ಸಲ ಕೇಳುವಾಗ ಪದಗಳನ್ನು ಬಿಟ್ಟುಬಿಡಿ. ಇಂಗ್ಲಿಷ್ ಅರ್ಥವಾಗಲಿಲ್ಲ ಎಂಬ ಸಂಕೋಚ ಬೇಡ, ಈ ವೇಗದಲ್ಲಿ ಇಂಗ್ಲಿಷಿನವರಿಗೂ ಅರ್ಧ ತಪ್ಪಿಹೋಗುತ್ತದೆ. ತೊಡೆಯ ಮೇಲೆ ನಾಲ್ಕು ಪೆಟ್ಟು ಎಣಿಸಿ. ನಾಲ್ಕು ಪೆಟ್ಟಿಗೆ ಒಂದು ಸುತ್ತು, ಅದನ್ನು ಅವರು ಬಾರ್ ಅನ್ನುತ್ತಾರೆ. ಬಾರ್ ಕದಲುವುದಿಲ್ಲ, ಅದರೊಳಗೆ ಮಾತು ಎಲ್ಲಿ ಕೂರುತ್ತದೆ ಎಂಬುದರಲ್ಲಿ ಇಡೀ ವಿದ್ಯೆ ಇದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಗಣಗಳು ಕಟ್ಟುನಿಟ್ಟಾಗಿ ನಡೆಯುತ್ತವೆ. ಆದರೂ ಒಳ್ಳೆಯ ಗಮಕಿ ಒಂದೆಡೆ ಎಳೆದು, ಒಂದೆಡೆ ಒತ್ತಿ, ಇನ್ನೊಂದೆಡೆ ಉಸಿರು ಕಡಿದು ಅದನ್ನು ಮಾತಾಗಿಸುತ್ತಾರೆ. ರ‍್ಯಾಪರ್ ಮಾಡುವುದೂ ಇದನ್ನೇ. ಪೆಟ್ಟಿಗೆ ಸರಿಯಾಗಿ ಪ್ರತಿ ಪದವನ್ನೂ ಕುಟ್ಟುವವನು ಕಲಿಯುತ್ತಿರುವವನು. ಪೆಟ್ಟಿಗಿಂತ ಕೂದಲೆಳೆ ಹಿಂದೆ ಬಿದ್ದು, ಈಗ ತಪ್ಪಿದ ಎಂದು ನಾವು ಗಾಬರಿಯಾಗುವಷ್ಟರಲ್ಲಿ ಬಂದು ಸೇರುವವನು ಪಳಗಿದವನು. ಹನುಮಾನ್‌ಕೈಂಡ್‌ಗೆ ಈ ವಿದ್ಯೆ ಕೈವಶವಾಗಿದೆ. ಅವನ ದನಿ ದಪ್ಪ, ಉಚ್ಚಾರದಲ್ಲಿ ಟೆಕ್ಸಾಸಿನ ಎಳೆತ. ಅವಸರವೇ ಇಲ್ಲದವನಂತೆ ಶುರುಮಾಡಿ ಎದೆಯ ಮೇಲೆ ಬಂದು ನಿಲ್ಲುತ್ತಾನೆ.

ಎರಡನೇ ಸಲ ಪ್ರಾಸಕ್ಕೆ ಕಿವಿ ಕೊಡಿ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಹುಡುಕುವ ಅಭ್ಯಾಸ ನಮ್ಮ ಕಾವ್ಯಕ್ಕೆ ಶತಮಾನಗಳಿಂದ ಇತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಕೈಬಿಟ್ಟಾಗ ಅದೊಂದು ಸಾಹಸವೆನಿಸಿಕೊಂಡಿತು. ಆಮೇಲೆ ಪ್ರಾಸ ಅಂದರೆ ಸಾಲಿನ ಕೊನೆ ಎಂದು ನಮ್ಮ ಕಿವಿ ಸೋಮಾರಿಯಾಯಿತು. ರ‍್ಯಾಪ್ ಆ ಹಳೆಯ ಚುರುಕನ್ನು ಮತ್ತೆ ಬೇಡುತ್ತದೆ. ಸಾಲಿನ ನಡುವೆ ಒಂದು ಸ್ವರ ಬಿತ್ತಿ, ಎರಡು ಸಾಲು ಬಿಟ್ಟು ಮೂರು ಉಚ್ಚಾರಗಳ ಗೊಂಚಲಾಗಿ ಅದನ್ನೇ ಕೊಯ್ಯುವುದು ಇಲ್ಲಿನ ಕುಶಲತೆ. ಕೊನೆಗೊಂದು ಪ್ರಾಸ ಅಂಟಿಸಿದರೆ ರ‍್ಯಾಪ್ ಆಯಿತು ಎಂದುಕೊಂಡಿರುವ ನಮ್ಮ ಸಿನಿಮಾ ಹಾಡುಗಳ ಮೇಲೆ ನನಗೆ ತಕರಾರಿರುವುದು ಇದಕ್ಕೇ.

ಜಂಬದ ಮಾತು ಬಾರದೇ ಇರದು. ‘ನಾನೇ, ನನ್ನಂಥವನಿಲ್ಲ’ ಎಂಬುದನ್ನು ಕೇಳಿ ಎಷ್ಟೋ ಹಿರಿಯರು ಅಲ್ಲಿಗೇ ಆಫ್ ಮಾಡುತ್ತಾರೆ. ಅವರು ಉತ್ತರ ಕರ್ನಾಟಕದ ಗೀಗೀ ಮೇಳಗಳನ್ನು ನೆನೆಯಬೇಕು. ಹರದೇಸಿಯವರು ಗಂಡೇ ಹೆಚ್ಚೆಂದು, ನಾಗೇಸಿಯವರು ಹೆಣ್ಣೇ ಹೆಚ್ಚೆಂದು ಡಪ್ಪು ಬಾರಿಸಿ ರಾತ್ರಿಯಿಡೀ ಸವಾಲು ಹಾಕುತ್ತಾರೆ. ಎದುರು ಮೇಳವನ್ನು ಚುಚ್ಚದೆ, ತಮ್ಮ ಗುರುಮನೆಯನ್ನು ಕೊಂಡಾಡದೆ ಅಲ್ಲಿ ಪದ ಮುಂದೆ ಸಾಗುವುದಿಲ್ಲ. ಅದನ್ನು ಯಾರೂ ಹಾಡುಗಾರರ ಸೊಕ್ಕು ಅನ್ನುವುದಿಲ್ಲ, ಅದು ಆ ಆಟದ ನಿಯಮ. ರ‍್ಯಾಪಿನ ಜಂಬವನ್ನೂ ಹಾಗೇ ತೂಗಿ. ಕೊಚ್ಚಿಕೊಂಡನೇ ಎಂದು ಕೇಳಬೇಡಿ, ಎಷ್ಟು ಹೊಸದಾಗಿ ಕೊಚ್ಚಿಕೊಂಡ ಎಂದು ಕೇಳಿ. ಬೈಗುಳದ ವಿಷಯ ಬೇರೆ. ಅದು ಈ ಟೇಪಿನಲ್ಲಿ ಧಾರಾಳವಾಗಿದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವ ಸರಕಲ್ಲ.

ಈಗ ಬಿಲ್ಡಪ್ಪಿಗೆ ಬರೋಣ. ‘ಬಿಗ್ ಡಾಗ್ಸ್’ ಜಗತ್ತನ್ನು ಹಿಡಿದದ್ದು ಅರ್ಧ ಕಣ್ಣಿನಿಂದ. ಬಿಜೋಯ್ ಶೆಟ್ಟಿ ಕೇರಳದ ಪೊನ್ನಾನಿಯಲ್ಲಿ ಚಿತ್ರೀಕರಿಸಿದ ವಿಡಿಯೋ ಅದು. ಜಾತ್ರೆಗಳಲ್ಲಿ ಹಲಗೆಯ ಬಾವಿಯ ಗೋಡೆಗೆ ಕಾರು, ಬೈಕು ಹತ್ತಿಸುತ್ತಾರಲ್ಲ, ಅದರ ತಳದಲ್ಲಿ ನಿಂತು ಇವನು ಹಾಡುತ್ತಾನೆ, ತಲೆಯ ಮೇಲೆ ಗಾಡಿಗಳು ಸುತ್ತುತ್ತವೆ. ಸಂಗೀತ ನಿರ್ಮಾಪಕ ಕಲ್ಮಿ ಕಟ್ಟಿದ ಬೇಸಿನ ಗುಡುಗು ಬೇರೆ. ‘ರನ್ ಇಟ್ ಅಪ್’ನಲ್ಲಿ ಚೆಂಡೆಯ ಆರ್ಭಟ, ಪರದೆಯ ಮೇಲೆ ಕಳರಿಪಯಟ್ಟು, ಗತಕಾ, ಥಾಂಗ್-ತಾ ಸಮರಕಲೆಗಳು. ಎರಡೂ ಕಣ್ಣಿಗೆ ಹಬ್ಬ. ಆದರೆ ಟೇಪು ಕೇಳುವಾಗ ಕಣ್ಣಿಗೆ ಕೆಲಸವಿಲ್ಲ. ಅರೆಕೆರೆ ಗೇಟಿನಲ್ಲಿ 365ನೇ ನಂಬರಿನ ಬಸ್ಸು ಹತ್ತಿ ಫೋನನ್ನು ಜೇಬಿಗಿಡಿ. ಬನ್ನೇರುಘಟ್ಟ ರಸ್ತೆಯ ಕೃಪೆಯಿಂದ ಮೆಜೆಸ್ಟಿಕ್ ಬರುವುದರೊಳಗೆ ಇಡೀ ಟೇಪು ಮುಗಿದಿರುತ್ತದೆ. ಹಾಡುಗಳನ್ನು ಹಿಂದುಮುಂದು ಮಾಡದೆ ಅವನು ಜೋಡಿಸಿದ ಕ್ರಮದಲ್ಲೇ ಕೇಳಿ.

ಹಾಗೆ ಕೇಳಿದರೆ ನನಗೆ ಕಾಣುವುದು ಇದು: ಮಿಕ್ಸ್‌ಟೇಪಿಗೆ ಇದು ಸಾಕು, ಬಿಲ್ಡಪ್ಪಿಗೆ ಸಾಲದು. ಅವನು ಇದನ್ನು ಆಲ್ಬಮ್ ಎಂದು ಕರೆದಿಲ್ಲ, ಮಿಕ್ಸ್‌ಟೇಪ್ ಎಂದೇ ಕರೆದಿದ್ದಾನೆ. ರ‍್ಯಾಪ್ ಲೋಕದಲ್ಲಿ ಮಿಕ್ಸ್‌ಟೇಪ್ ಅಂದರೆ ಕೈ ಸಡಿಲಬಿಟ್ಟು ಮಾಡಿದ್ದು. ಒಂದೇ ಕಥೆ, ಒಂದೇ ಬಂಧ ಇರಲೇಬೇಕೆಂಬ ಕಟ್ಟಳೆ ಅದಕ್ಕಿಲ್ಲ. ಆ ರಿಯಾಯಿತಿ ಕೊಟ್ಟರೂ ಒಂದು ತೊಡಕು ಉಳಿಯುತ್ತದೆ. ಎಲ್ಲರಿಗೂ ಬಾಯಿಪಾಠವಾಗಿದ್ದ ಆ ಎರಡು ಹಾಡುಗಳೂ ಇದರೊಳಗಿವೆ, ಸುತ್ತಲಿನ ಹೊಸ ಹಾಡುಗಳು ಅವುಗಳ ನೆರಳಿನಲ್ಲಿ ನಿಲ್ಲಬೇಕಾಗುತ್ತದೆ. ಅಬ್ಬರದ ನಡುವೆ ಅವನು ದನಿ ತಗ್ಗಿಸಿ, ಬಂದ ದಾರಿಯನ್ನು ತಿರುಗಿ ನೋಡುವ ಕಡೆಗಳೇ ನನಗೆ ಹೆಚ್ಚು ಹಿಡಿಸಿದವು. ಹೆಸರು ಮಾಡಿಕೊಟ್ಟದ್ದು ಅಬ್ಬರ, ಹಾಗಾಗಿ ಆ ಕಡೆಗಳಲ್ಲಿ ಹೆಚ್ಚು ಹೊತ್ತು ನಿಲ್ಲಲು ಅವನಿಗೇ ಧೈರ್ಯ ಸಾಲಲಿಲ್ಲವೇನೋ.

ಅತಿಥಿಗಳ ಬಗ್ಗೆ ಒಂದು ಮಾತು. ದೊಡ್ಡ ಹೆಸರುಗಳನ್ನು ಕರೆಸಿ ತೂಕ ಹೆಚ್ಚಿಸಿಕೊಳ್ಳುವುದು ಈ ದಂಧೆಯ ಹಳೆಯ ಚಾಳಿ. ಇಲ್ಲಿ ಫ್ಲಾರಿಡಾದ ಡೆನ್ಜೆಲ್ ಕರಿ ಇದ್ದಾನೆ, ಮ್ಯಾಕ್ಸೋ ಕ್ರೀಮ್ ಇದ್ದಾನೆ. ಎರಡನೆಯವನು ಹ್ಯೂಸ್ಟನ್ನಿನವನು, ಸೂರಜ್ ಬೆಳೆದ ಊರಿನವನು. ಆ ಆಯ್ಕೆಯಲ್ಲಿ ಲೆಕ್ಕಾಚಾರಕ್ಕಿಂತ ಊರಿನ ಅಭಿಮಾನ ಹೆಚ್ಚೆಂದು ನನಗನಿಸುತ್ತದೆ. ಅತಿಥಿ ಬಂದಾಗ ಮನೆಯವನ ದನಿ ಸಣ್ಣದಾಯಿತೇ ಎಂದು ಗಮನಿಸಿ. ಇವನದು ಆಗುವುದಿಲ್ಲ. ಬಿಲ್ಡಪ್ಪಿನಲ್ಲಿ ನಿಜವಾಗಿ ಉಳಿದುಕೊಂಡ ಭಾಗ ಅದೇ.

ಇಷ್ಟು ದೂರ ಬಂದವರು ಬೆಂಗಳೂರಿನ ಹಿಂದಿನ ಪುಟಗಳನ್ನೂ ತಿರುವಬೇಕು. ಬ್ರೋಧಾ ವಿ 2012ರಲ್ಲೇ ‘ಆತ್ಮ ರಾಮ’ದಲ್ಲಿ ಭಜನೆಯನ್ನು ಪಲ್ಲವಿಯಾಗಿಟ್ಟು ಇಂಗ್ಲಿಷಿನಲ್ಲಿ ರ‍್ಯಾಪ್ ಕಟ್ಟಿದ್ದ. ಹನುಮಾನ್‌ಕೈಂಡ್‌ಗೆ ಚೆಂಡೆ ಹೊಳೆಯುವ ಬಹಳ ಮೊದಲೇ ಈ ಊರಿನಲ್ಲಿ ಆ ಪ್ರಯೋಗ ನಡೆದಿತ್ತು. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಜನರನ್ನು ಕುಣಿಸಿದ್ದು ಬಿಡಿ ಹಾಡುಗಳಿಂದ. ಎಂಸಿ ಬಿಜ್ಜು, ಗುಬ್ಬಿ, ರಾಹುಲ್ ಡಿಟ್ಟೋ ಅಂಥವರನ್ನು ಕೇಳಿದರೆ ಮಾತಿನ ಕಸುವು ಎಲ್ಲಿದೆ ಎಂದು ಗೊತ್ತಾಗುತ್ತದೆ. ಹನ್ನೆರಡು ಹಾಡುಗಳನ್ನು ಒಂದೇ ಉಸಿರಿನಲ್ಲಿ ಕೇಳಿಸುವ, ಜುಲೈ ತಿಂಗಳಿಗಾಗಿ ಜನ ಕಾಯುವಂಥ ಕನ್ನಡದ ಟೇಪು ಬಂದ ದಿನ ಹರದೇಸಿ-ನಾಗೇಸಿಯ ಕಿವಿಯಲ್ಲೇ ಅದನ್ನು ಅಳೆಯೋಣ. ರಿಯಾಯಿತಿ ಮಾತ್ರ ಇಷ್ಟು ಕೊಡುವುದಿಲ್ಲ.